ಶ್ರೀಯಿಂದಲೇ ಮತ್ತೆ ಎಣಿಸುತ್ತಿದ್ದ ಯಂತ್ರ

ಮೊದಲಿಗೆ ನಿವೇದಿಸಬೇಕಾದದ್ದೇನೆಂದರೆ, ಕಚೇರಿಯ ಪತ್ರಗಳನ್ನಲ್ಲದೆ ನಾನು ಈವರೆಗೆ ಏನನ್ನೂ ಬರೆದವನಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಎರಡು ಸಾವಿರದ ಇಸವಿಯ ನಂತರದ ಕೆಲವು ವರ್ಷ ನಾನು ಪುಣೆಯ ಕೋಥರೂಡದಲ್ಲಿ ಒಂದು ಸಣ್ಣ ಕಂಪನಿಯ ಪ್ರೋಗ್ರಾಮರ್ ಆಗಿದ್ದೆ. ಅಲ್ಲಿದ್ದ ಧಾರವಾಡದ ಹಿರಿಯರೊಬ್ಬರು ಸ್ವತಃ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನೇ ಕಟ್ಟಿದ್ದರು. ಸದರಿ ಭಾಷೆಯು ಮರಾಠಿ ನಿಘಂಟೊಂದರ ಪಠ್ಯವನ್ನು ಓದಿ, ಪದಗಳನ್ನು ಬಿಡಿಸಿ ಕೊಡಬೇಕಿತ್ತು. ಶನಿವಾರದೊಳಗೆ ಆಗದಿದ್ದಲ್ಲಿ ಭಾಷೆಯನ್ನೇ ಕೈಬಿಡುವುದಾಗಿ ಮಾಲೀಕರು ತಿಳಿಸಿದ್ದರು.

ಅಷ್ಟೇ ದೊಡ್ಡ ಇಂಗ್ಲಿಷ್ ಕಡತ ಚಹಾ ಆರುವ ಮುನ್ನ ಮುಗಿಯುತ್ತಿತ್ತು. ಮರಾಠಿಯದು ಮಾತ್ರ ಮುಂದೆ ಹೋದಷ್ಟೂ ನಿಧಾನವಾಗುತ್ತಿತ್ತು. ಯಂತ್ರ ಹಿಂದಿರುಗಿ ಹೋಗುತ್ತಿದೆಯೇ ಎಂಬ ಸಂಶಯದಿಂದ, ಕಡತದ ಮೊದಲಕ್ಷರವನ್ನು ಅದು ಮುಟ್ಟಿದಾಗಲೆಲ್ಲ ಪರದೆಯ ಮೇಲೆ ತೋರಿಸುವಂತೆ ಶುಕ್ರವಾರ ಮಧ್ಯಾಹ್ನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಆ ಅಕ್ಷರ, ವಾಡಿಕೆಯಂತೆ, ಶ್ರೀ.

ಒಮ್ಮೆ ಮೂಡಬೇಕಿದ್ದದ್ದು ಸುರಿಯತೊಡಗಿತು. ಶ್ರೀ ಶ್ರೀ ಶ್ರೀ. ಬಳಿಕ ನಡುವಿನ ಅಂತರ ಬೆಳೆಯಿತು. ಒಂದು ಶ್ರೀ; ಮೌನ; ಮತ್ತೊಂದು. ಪ್ರತಿ ಸಲವೂ ಇನ್ನಷ್ಟು ದೂರದಿಂದ ಯಾರೋ ಅದೇ ಹೊಸ್ತಿಲಿಗೆ ಮರಳಿ ಬರುತ್ತಿದ್ದಂತೆ. ಕೀಲಿಮಣೆಯಿಂದ ನಾನು ಕೈ ತೆಗೆದೆ.

ಹಿಂದೆ ನಿಂತಿದ್ದ ಹಿರಿಯರು, "ಒಳಗ ಯಾರಪಾ ಕೂತು ಜಪಾ ಮಾಡ್ಲಿಕ್ಕತ್ತಾರ?" ಎಂದರು. ನಗಲಿಲ್ಲ.

ಕಾರಣ ಇಷ್ಟೇ. ಯಂತ್ರದ ನೆನಪಿನಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದೇ ಮನೆ. ನೂರನೆಯದಕ್ಕೆ ನೇರವಾಗಿ ಹೋಗಬಹುದು. ಒತ್ತು, ಕಾಗುಣಿತಗಳುಳ್ಳ ನಮ್ಮ ಲಿಪಿಗಳಲ್ಲಿ ಯಾವ ಅಕ್ಷರಕ್ಕೆ ಎಷ್ಟು ಮನೆಯೆಂದು ಎಣಿಸಿಯೇ ತಿಳಿಯಬೇಕು. ಆದ್ದರಿಂದ ಪ್ರತಿ ಅಕ್ಷರಕ್ಕೂ ಮೊದಲಿನಿಂದ ಎಣಿಸುವಂತೆ ಹಿರಿಯರು ಬರೆದಿದ್ದರು.

"ಮತ್ತೇನ ಮಾಡ್ಲಿ? ಶ್ರೀನ ತುಂಡ ತುಂಡ ಮಾಡಿ ಎಣಸೋದು ಮರ್ಯಾದಿ ಏನು?"

"ತುಂಡು ಮಾಡೂದು ಬ್ಯಾಡ್ರಿ ಸರ್. ಎಲ್ಲಿ ನಿಂತಿದ್ವಿ ಅಂತ ನೆನಪಿಟ್ಕೊಂಡ್ರ ಸಾಕ್ರಿ."

ಅವರು ಕುರ್ಚಿಯನ್ನು ನನ್ನತ್ತ ಸರಿಸಿದರು. "ಬರಿ ಹಂಗಾರ."

ಶನಿವಾರ ಮಾಲೀಕರ ಎದುರಿಗೇ ನಿಘಂಟು ಮುಗಿಯಿತು. ಇಷ್ಟು ದಿನ ಯಾರ ತಪ್ಪಿನಿಂದ ತಡವಾಯಿತೆಂದು ಅವರು ಕೇಳಿದರು. "ತಾಂತ್ರಿಕ ಕಾರಣಗಳಿಂದ" ಎಂದು ನಾನು ಉತ್ತರ ಸಿದ್ಧಪಡಿಸಿಕೊಂಡಿದ್ದೆ. ಅಷ್ಟರಲ್ಲಿ ಹಿರಿಯರು, "ಚೂಕ್ ಮಾಝೀಚ್," ತಪ್ಪು ನನ್ನದೇ, ಎಂದು ಮರಾಠಿಯಲ್ಲಿ ಹೇಳಿಬಿಟ್ಟರು. ಭಾಷೆ ಉಳಿಯಿತು.

ಮೆಟ್ಟಿಲಿಳಿಯುವಾಗ ಅವರು ನನ್ನ ತೋಳು ಹಿಡಿದರು. "ತಮ್ಮಾ, ಹನ್ನೊಂದು ವರ್ಷ ಅದರ ಎದುರಿಗೆ ಕೂತೀನಿ. ಅದು ಹಂಗ ತಿರುಗಾಡೂದು ಒಮ್ಮೆನೂ ನನಗ ಕೇಳಿಸಲಿಲ್ಲ ನೋಡು."

ಸೋಮವಾರದಿಂದ ಅವರು ಯಂತ್ರದ ಮುಂದೆ ತಲೆಯನ್ನು ತುಸು ವಾಲಿಸಿ ಕೂರತೊಡಗಿದರು.