ತುಂಬಿದ ಜಲಾಶಯಕ್ಕೆ ಸಹಿ ಇಲ್ಲ

ತರಬೇತಿ ಕೇಂದ್ರದಲ್ಲಿ ಅವರನ್ನು ಎಲ್ಲರೂ ಬೆನ್ನ ಹಿಂದೆ ಗುಡುಗಮ್ಮ ಎನ್ನುತ್ತಿದ್ದರು. ಹವಾಮಾನ ಕೆಟ್ಟರೆ ನೀರಿನ ಗತಿಯೇನು ಎಂದು ಕಾಲೇಜು ಮಕ್ಕಳಿಗೂ ನೀರಾವರಿ ಎಂಜಿನಿಯರುಗಳಿಗೂ ಕಲಿಸುವುದು ಅವರ ಕೆಲಸ. ಮಕ್ಕಳಾದರೂ ಕಿವಿಗೊಡುತ್ತಿದ್ದರು. ಎಂಜಿನಿಯರುಗಳು ಹಾಜರಿ ಹಾಕಿ, ಹಿಂದಿನ ಬೆಂಚು ಹಿಡಿದು, ಊಟದ ಹೊತ್ತಿಗೆ ಮಾತ್ರ ಚುರುಕಾಗುತ್ತಿದ್ದರು.

ಕೊನೆಗೆ ಎಂಜಿನಿಯರುಗಳಿಗೊಂದು ಪರೀಕ್ಷೆ. ಮಳೆಗಾಲ ಇನ್ನೂ ಮುಗಿದಿಲ್ಲ, ಜಲಾಶಯವನ್ನು ಎಷ್ಟು ತುಂಬಿಸುತ್ತೀರಿ? ತಿಂಗಳ ಮಳೆ ಒಂದೇ ದಿನ ಸುರಿಯುವ ಕಾಲ ಇದು, ಅದಕ್ಕೆ ಜಾಗ ಖಾಲಿ ಬಿಡಿ ಎಂದು ಗುಡುಗಮ್ಮ ಗಂಟಲು ಹರಿದುಕೊಂಡಿದ್ದೇ ಬಂತು. ಎಲ್ಲರೂ ಹಳೆಯ ಸರಾಸರಿ ಹಿಡಿದು ಅಂಚಿನವರೆಗೆ ತುಂಬಿಸಿದ್ದರು. ಅವರಲ್ಲಿ ಸ್ವಂತ ಮೈದುನನೂ ಒಬ್ಬ. ಊರಿನ ಹೊಳೆಗೆ ಮೇಲ್ಗಡೆ ಕಟ್ಟಿದ ಅಣೆಕಟ್ಟಿನ ಗೇಟು ಅವನ ಕೈಯಲ್ಲೇ ಇತ್ತು. ಗುಡುಗಮ್ಮನಿಗೆ ಮೈಯೆಲ್ಲ ಉರಿಯಿತು. ಯಾರೊಬ್ಬರ ಪ್ರಮಾಣಪತ್ರಕ್ಕೂ ಸಹಿ ಹಾಕಲಿಲ್ಲ. ಅದಿಲ್ಲದೆ ಮೈದುನನಿಗೆ ಬಡ್ತಿಯಿಲ್ಲ.

ಸಂಜೆ ಅವನು ಸ್ಟಾಫ್ ರೂಮಿಗೆ ಬಂದ. ದಡ್ಡ, ಕಲ್ಲುತಲೆ ಎಂದು ಗುಡುಗಮ್ಮ ನೀರಿಳಿಸಿದರು. ಅವನು ತಣ್ಣಗೆ ಕೇಳಿಸಿಕೊಂಡ.

"ಸರಿಯಾದ ಉತ್ತರ ನಂಗೂ ಗೊತ್ತು ಅತ್ತಿಗೆ. ಜಾಗ ಬಿಟ್ಟು, ಆಮೇಲೆ ಮಳೆ ಕೈಕೊಟ್ರೆ ನನ್ನನ್ನ ಎತ್ತಂಗಡಿ ಮಾಡ್ತಾರೆ. ತುಂಬಿಸಿಟ್ಟು ನೀರು ನುಗ್ಗಿದ್ರೆ ಮಳೆ ಮೇಲೆ ಹಾಕಿ ಕೈ ತೊಳ್ಕೋಬಹುದು. ಕ್ಲಾಸಲ್ಲಿದ್ದವರಿಗೆಲ್ಲ ಇದು ಗೊತ್ತು."

ಇವರಿಗೆ ತಿಳಿಯುವುದಿಲ್ಲವೆಂದು ಇಷ್ಟು ವರ್ಷ ಬೋರ್ಡು ತುಂಬ ಚಿತ್ರ ಬರೆದು, ಹೇಳಿದ್ದನ್ನೇ ಹೇಳಿ ಸತ್ತದ್ದೆಲ್ಲ ದಂಡ. ದಡ್ಡರೆಂದು ಬೈದದ್ದಕ್ಕೆ ಗುಡುಗಮ್ಮನಿಗೆ ತಮ್ಮ ಮೇಲೇ ಸಿಟ್ಟು ಬಂತು. ದಡ್ಡರಾಗಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತಿಗೆಯ ಮುಖ ನೋಡಿ ಅವನು ಸಮಾಧಾನ ಹೇಳಹೊರಟ. "ನಾನೇನು ಕಟುಕನಾ? ಅಮ್ಮನ್ನ ಹೊಳೆಬೀದಿಯಿಂದ ಮೇಲಿನ ಬೀದಿಗೆ ಕರ್ಕೊಂಡು ಹೋಗಿದ್ದು ಮತ್ಯಾಕೆ?"

ಅತ್ತೆಯ ಕೆಮ್ಮಿಗೆ ಹೊಳೆಬೀದಿಯ ಥಂಡಿ ಗೋಡೆ ಆಗುವುದಿಲ್ಲವೆಂದು ಮನೆ ಬದಲಿಸಿದ ಎಂದುಕೊಂಡು, ಗುಡುಗಮ್ಮ ನಾಲ್ಕು ಜನರೆದುರು ಇವನನ್ನು ಹೊಗಳಿದ್ದರು.

"ಅಕ್ಕಪಕ್ಕದವರಿಗೆ ಹೇಳಿದ್ಯಾ?"

"ಸುಮ್ನೆ ಗಾಬರಿ ಬೀಳ್ತಾರೆ."

ಆ ಬೀದಿಯಲ್ಲೇ ಆಡಿ ಬೆಳೆದವನು, ಅಲ್ಲಿನ ಒಂದೊಂದು ಮನೆಯಲ್ಲೂ ಉಂಡವನು. ಗುಡುಗಮ್ಮ ಎದ್ದು ನಿಂತರು.

"ಸಹಿ ತಾನೇ ಬೇಕು? ನಡಿ ನನ್ನ ಜೊತೆ. ಹೊಳೆಬೀದಿಯ ಮನೆಮನೆಗೂ ಹೋಗಿ ನೀನೇ ಬಾಯಿಬಿಟ್ಟು ಹೇಳು. ಅಲ್ಲೇ ಹಾಕ್ತೀನಿ."

ಅವನು ಕಿಟಕಿಯಾಚೆ ನೋಡಿದ, ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

"ಬಡ್ತಿ ಮುಂದಿನ ವರ್ಷ ನೋಡೋಣ ಬಿಡಿ, ಅತ್ತಿಗೆ," ಎಂದು ಹೊರಟೇ ಹೋದ.