ಪಾಷಾ ಸಾಹೇಬರೂ ಒಂದು ಭಜನೆ ಪ್ಲೇಟೂ

ಆ ಭಾನುವಾರ ಬೆಳಗ್ಗೆ ಶಿವಾಜಿನಗರದ ಮೇಲೆ ಮೋಡ ಕವಿದು, ಸಣ್ಣ ತುಂತುರು ಆಗಷ್ಟೇ ನಿಂತಿತ್ತು. ಬಿಸಿಲಿಲ್ಲವೆಂದು ಅಹ್ಮದ್ ಪಾಷಾ ಸಾಹೇಬರು ಮನಸ್ಸಿನಲ್ಲೇ ದೇವರಿಗೆ ವಂದಿಸಿದರು. ಬಿಸಿಲು ಅವರಿಗೊಮ್ಮೆ ಪಾಠ ಕಲಿಸಿತ್ತು.

ದಂಡು ಪ್ರದೇಶದಲ್ಲಿ ಗ್ರಾಮಫೋನ್ ಪ್ಲೇಟಿನ ವ್ಯಾಪಾರವನ್ನು ಉಪಾಸನೆಯಂತೆ ನಡೆಸಿದವರು ಯಾರೆಂದರೆ, ನಲವತ್ತೊಂದು ವರ್ಷ ಒಂದೇ ಮಳಿಗೆಯಲ್ಲಿ ಕುಳಿತು ಇದೀಗ ನಿವೃತ್ತರಾಗುತ್ತಿರುವ ಈ ಹಿರಿಯರ ಹೆಸರೇ ಮೊದಲು ನಾಲಿಗೆಗೆ ಬರುತ್ತದೆ. ಕ್ಯಾಸೆಟ್ ಬಂದಾಗ, ಸಿ.ಡಿ. ಬಂದಾಗ ನೆರೆಯವರು "ಮುಚ್ಬಿಡಿ ಭಾಯ್" ಎಂದರು; ಅವರು ಮುಚ್ಚಲಿಲ್ಲ. ಈಗ ಇಂದಿರಾನಗರದ ಯುವಕರು ಮುನ್ನೂರೇ ಪ್ರತಿ ಅಚ್ಚಾದ ಹೊಸ ಪ್ಲೇಟುಗಳಿಗಾಗಿ ಅವರ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ಕೊಳ್ಳುವ ಮೊದಲು ಎರಡೂ ಬದಿ ಕೂತು ಕೇಳಬೇಕೆಂಬುದು ಅಲ್ಲಿನ ಕಟ್ಟಳೆ. ಪುರಸೊತ್ತಿಲ್ಲದವರಿಗೆ ಚಹಾ ಉಂಟು, ಪ್ಲೇಟಿಲ್ಲ.

ಏಳು ವರ್ಷದ ಹಿಂದೆ, ರೆಕಾರ್ಡ್ ಅಂಗಡಿಗಳ ಹಬ್ಬದ ದಿನಕ್ಕೆಂದು ಅವರು ದೊಡ್ಡನೆಕ್ಕುಂದಿಯ ಮುನಿಶಾಮಮ್ಮನವರಿಂದ ಒಂದು ಪ್ಲೇಟನ್ನು ಎರವಲು ತಂದರು. ಆಕೆಯ ತಂದೆಯ ಭಜನೆ ಮೇಳ ಬರೀ ನೂರು ಪ್ರತಿ ಮಾಡಿಸಿತ್ತು. ಮನೆಯಲ್ಲಿ ಉಳಿದದ್ದು ಒಂದೇ, ತಂದೆಯ ದನಿ ಉಳಿದದ್ದೂ ಅದೊಂದರಲ್ಲೇ. ಗೌರವವೆಂದು ಸಾಹೇಬರು ಅದನ್ನು ಕಿಟಕಿಯ ಗಾಜಿಗೆ ಒರಗಿಸಿಟ್ಟರು. ಮಧ್ಯಾಹ್ನದ ಬಿಸಿಲಿಗೆ ಅದು ಹಪ್ಪಳದಂತೆ ಸೊಟ್ಟಗಾಯಿತು.

"ನನ್ ಕೈಯಾರೆ ಕೆಡಿಸ್ಬಿಟ್ಟೆ ಅಮ್ಮಾ. ಇನ್ನೊಂದು ತಂದ್ಕೊಡೋವರ್ಗೂ ಅಂಗಡಿ ಬಿಟ್ಟು ಏಳಲ್ಲ," ಎಂದರು.

"ಹಂಗಾದ್ರೆ ಸಾಬ್ರು ನೂರು ವರ್ಷ ಕೂತಿರ್ತೀರ ಬಿಡಿ," ಎಂದು ಆಕೆ ನಗಲು ಹೋಗಿ, ಸೆರಗಿನಿಂದ ಕಣ್ಣೊರಸಿಕೊಂಡರು.

ಮಗಳು ಶಂಶುನ್ನೀಸಾ ಅಂಗಡಿ ವಹಿಸಿಕೊಳ್ಳಲು ಸಿದ್ಧರಿದ್ದರೂ ಅವರು ನಿವೃತ್ತರಾಗಲಿಲ್ಲ. ರಜೆಯ ದಿನಗಳಲ್ಲಿ ಗುಜರಿಯಿಂದ ಗುಜರಿಗೆ ಅಲೆದರು. ಕಡೆಗೆ ಒಂದು ಪ್ರತಿ ಬಾಣಸವಾಡಿಯ ಸಂಗ್ರಾಹಕ ಪ್ರೇಮ್‌ಕುಮಾರರ ಕಪಾಟಿನಲ್ಲಿ ಕಂಡಿತು.

"ನೂರರಲ್ಲಿ ಮೂರನೇ ನಂಬರ್ ಭಾಯ್ ಇದು! ಕಿಡ್ನಿ ಕೇಳಿ, ಕೊಡ್ತೀನಿ."

"ಕಿಡ್ನಿ ಹಾಡಲ್ವಲ್ಲಪ್ಪಾ. ಆಯಮ್ಮನ ಅಪ್ಪನ ಗಂಟ್ಲು ಇರೋದು ಇದ್ರಲ್ಲೇ. ಒಂದ್ಸಲ ಹಾಕು, ಕೇಳೋಣ."

ಎರಡೂ ಬದಿಯನ್ನು ಇಬ್ಬರೂ ಕೂತು ಕೇಳಿದರು. ಆಮೇಲೆ ಪ್ರೇಮ್‌ಕುಮಾರ್ ತಾವೇ ಪ್ಲೇಟನ್ನು ಒರೆಸಿ ಹೊದಿಕೆಗೆ ಸೇರಿಸಿದರು. "ತಗೊಂಡೋಗಿ. ನಿಮ್ ಮಗಳು ಇದನ್ನ ಹೊಸದಾಗಿ ಅಚ್ಚು ಹಾಕ್ಸಿದ್ರೆ, ಒಂದನೇ ನಂಬರ್ ನಂಗೆ."

ಆ ಹೊಸ ಅಚ್ಚಿನ ಸಿದ್ಧತೆಯನ್ನು ಶಂಶುನ್ನೀಸಾ ಈಗಾಗಲೇ ಆರಂಭಿಸಿದ್ದಾರೆ. ಪಾಷಾ ಸಾಹೇಬರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬಂದವರ ಕಿವಿಯನ್ನು ಇನ್ನೂ ಬಹುಕಾಲ ತಿದ್ದುತ್ತಿರಲಿ. ದೇವರು ಅವರಿಗೆ ಇನ್ನಷ್ಟು ಬೆಳಗುಗಳನ್ನೂ, ಕೇಳಿ ಮುಗಿಯದಷ್ಟು ಹಾಡುಗಳನ್ನೂ ಕೊಡಲಿ.

ಮೋಡ ಕವಿದ ಆ ಭಾನುವಾರ ಅವರು ದೊಡ್ಡನೆಕ್ಕುಂದಿಯ ಮನೆಯ ಮುಂದೆ ಚಪ್ಪಲಿ ಕಳಚಿ ಒಳಗೆ ಹೋದರು. ಮುನಿಶಾಮಮ್ಮ ಪೂಜೆ ಮುಗಿಸಿ ಎದ್ದಿದ್ದರು. ಸಾಹೇಬರು ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು, ಆಕೆಯ ಕೈಗಿತ್ತರು.