ಅಜ್ಜಿಯ ಮೂಗುತಿ, ಕಂಬಳಿಯ ಎಳೆ

ನನ್ನ ಅಜ್ಜಿಯ ಮೂಗುತಿ ಕದ್ದವನು ನಾನೇ. ಅಜ್ಜಿ ತೀರಿಹೋಗಿ ಐವತ್ತು ವರ್ಷದ ಮೇಲಾಗಿತ್ತು, ನಾನು ಹುಟ್ಟಿ ಇಪ್ಪತ್ತಾರು ವರ್ಷವಾಗಿತ್ತು. ನಾವು ಒಬ್ಬರನ್ನೊಬ್ಬರು ನೋಡಿದವರೇ ಅಲ್ಲ. ಆದರೂ ಒಂದು ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡಿ, ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಮೌಸನ್ನು ಒಂದೇ ಒಂದು ಸಲ ಒತ್ತಿ, ಅವಳ ಮೂಗಿನ ಮೇಲಿದ್ದುದನ್ನು ಎಗರಿಸಿಬಿಟ್ಟೆ. ಎಗರಿಸಿದ ಖುಷಿಗೆ ಶಿಳ್ಳೆ ಬೇರೆ ಹೊಡೆದೆ. ಕಳ್ಳರಲ್ಲೂ ಇಷ್ಟು ನಾಚಿಕೆಗೆಟ್ಟವರು ಕಡಿಮೆ.

ಸಾಗರದಲ್ಲಿ ಮದುವೆ, ಉಪನಯನ, ಗೃಹಪ್ರವೇಶದ ಫೋಟೊ ತೆಗೆಯುವುದು ನನ್ನ ಕೆಲಸ. ಒಂದು ಮದುವೆಗೆ ಮೂರು ಸಾವಿರ ಫೋಟೊ ಹೊಡೆದು, ಅದರಲ್ಲಿ ಎರಡು ಸಾವಿರದಲ್ಲಿ ಮದುಮಗ ಕಣ್ಣು ಮುಚ್ಚಿರುವಂತೆ ನೋಡಿಕೊಳ್ಳುವ ಕಲೆ ನನಗೆ ಸಿದ್ಧಿಸಿದೆ. ಆದರೆ ಫಿಲ್ಮ್ ಎಂಬುದನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಹಿಡಿಸಿದವಳು ಹೊಸನಗರದಲ್ಲಿರುವ ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ.

ತೀರ್ಥಹಳ್ಳಿಯ ಹಳೆಯ ಸ್ಟುಡಿಯೊ ಒಂದನ್ನು ಅದರ ಯಜಮಾನರು ಮುಚ್ಚುತ್ತಿದ್ದರು. ಟ್ರಂಕಿನೊಳಗೆ ಸಿಕ್ಕಿದ ಹಳೆಯ ನೆಗೆಟಿವ್‌ಗಳ ಲಕೋಟೆಗಳ ಮೇಲೆ ಯಾರ ಮನೆಯ ಹೆಸರಿತ್ತೋ ಅವರಿಗೆಲ್ಲ ಬಸ್ ಕಂಡಕ್ಟರುಗಳ ಕೈಯಲ್ಲಿ ಕಳಿಸುತ್ತಿದ್ದರು. ಹಾಗೆ ದೊಡ್ಡಮ್ಮನ ಕೈ ಸೇರಿದ ಲಕೋಟೆಯಲ್ಲಿ ಇದ್ದದ್ದು ಒಂದೇ ನೆಗೆಟಿವ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಅವಳ ಅಮ್ಮ.

ದೊಡ್ಡಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ, ನನ್ನ ಅಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ ಅಜ್ಜಿ ತೀರಿಹೋದಳು. ಮನೆಯಲ್ಲಿದ್ದ ಒಂದೇ ಫೋಟೊವನ್ನು ಥಂಡಿ ತಿಂದುಹಾಕಿತ್ತು. ಅಕ್ಕತಂಗಿಯರಿಬ್ಬರಿಗೂ ಅಮ್ಮನ ಮುಖವೇ ಗೊತ್ತಿಲ್ಲ.

"ಕಿಟಕಿಗೆ ಹಿಡಿದು ನೋಡ್ದೆ ಮಾರಾಯ," ಎಂದಳು ದೊಡ್ಡಮ್ಮ ಫೋನಿನಲ್ಲಿ. "ಅಮ್ಮ ಮುಖಕ್ಕೆ ಮಸಿ ಬಳ್ಕಂಡು ಕೂತ ಹಂಗಿದಾಳೆ. ನೀನು ಫೋಟೊದೋನು ಅಲ್ದಾ, ಮುಖ ಸರೀ ಕಾಣೋ ಹಂಗೆ ಮಾಡ್ಕೊಡು. ಮುಖದ ಮೇಲೆ ಎಂತೆಂತ ಇದೆಯೋ ಎಲ್ಲಾ ಕಾಣ್ಬೇಕು."

ಅವಳು ಹೇಳದೆ ಉಳಿಸಿದ್ದನ್ನು ನಾನು ಆಮೇಲೆ ತಿಳಿದುಕೊಂಡೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ದೊಡ್ಡಮ್ಮನ ಮೂಗಿನಲ್ಲಿ ಮೂರು ಹರಳಿನ ಒಂದು ಮೂಗುತಿಯಿದೆ. ಕೆಳಗಿನ ಹರಳು ಒಡೆದು ಮಂಕಾಗಿದೆ. 'ಇದು ನಿನ್ನ ಅಮ್ಮಂದು' ಎಂದು ಅವಳಿಗೆ ಅದನ್ನು ಕೊಟ್ಟು ಬೆಳೆಸಿದ್ದರು. ಅಮ್ಮನದು ಎಂದು ಅವಳ ಹತ್ತಿರ ಇರುವುದು ಅದೊಂದೇ. ಆದರೆ ಯಾವುದೋ ಮದುವೆಮನೆಯಲ್ಲಿ ನೆಂಟರೊಬ್ಬರು ತಮಾಷೆಗೆ, "ನಿಮ್ಮಮ್ಮಂದೇ ಅಂತ ಎಂತ ಗ್ಯಾರಂಟಿ? ಅಳೋ ಹುಡುಗೀನ ಸಮಾಧಾನ ಮಾಡಕ್ಕೆ ಯಾರ್ದೋ ಕೊಟ್ಟಿರ್ತಾರೆ" ಎಂದಿದ್ದರಂತೆ. ಆ ಮಾತು ಅವಳೊಳಗೆ ಮುಳ್ಳಾಗಿ ಉಳಿದಿತ್ತು. ಅವಳಿಗೆ ಫೋಟೊದಲ್ಲಿ ನೋಡಬೇಕಾಗಿದ್ದುದು ಅದನ್ನು.

ನನಗೆ ಇದ್ಯಾವುದೂ ಗೊತ್ತಿಲ್ಲ. ನಾನು ಸಾಗರದ ಮನೆಯ ಸಣ್ಣ ಕೋಣೆಯನ್ನು ಪ್ರಯೋಗಶಾಲೆ ಮಾಡಿದೆ. ಬಿಳಿ ಬೆಳಕಿನ ಹಲಗೆಯೊಂದನ್ನು ತಂದೆ. ಉಳಿದುಹೋಗಿದ್ದ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಕತ್ತರಿಸಿ ನೆಗೆಟಿವ್‌ಗೆ ಚೌಕಟ್ಟು ಮಾಡಿದೆ. ನೆಗೆಟಿವ್‌ನದೇ ಫೋಟೊ ತೆಗೆಯಲು ಸ್ಟ್ಯಾಂಡಿಗೆ ಕ್ಯಾಮೆರಾವನ್ನು ತಲೆಕೆಳಗಾಗಿ ನೇತುಹಾಕಿದೆ. ಹೊರಗಿನ ಬೆಳಕು ಬೀಳಬಾರದು ಎಂದು ಎಲ್ಲೋ ಓದಿದ್ದೆ. ಅದಕ್ಕೆ ಕಿಟಕಿಗೆ ಕಂಬಳಿ ಕಟ್ಟಿದೆ.

"ಅದು ಅಕ್ಕ ಹೊಸನಗರದಿಂದ ಕಳ್ಸಿದ್ದ ಕಂಬಳಿ, ಹೊದಿಯಕ್ಕೆ! ಕಿಟಕಿಗೆ ಚಳಿ ಆಗ್ತದನಾ?" ಎಂದಳು ಅಮ್ಮ.

"ನಿನಗೆ ಗೊತ್ತಾಗಲ್ಲ ಸುಮ್ನಿರು, ಇದು ಟೆಕ್ನಿಕಲ್," ಎಂದೆ.

ಬೆಳಕಿನ ಹಲಗೆ ಹೊತ್ತಿಸಿದೆ. ಕತ್ತಲಲ್ಲಿ ಒಂದು ಸಣ್ಣ ಹಾಲುಬಿಳಿ ಕೊಳ, ಅದರ ಮಧ್ಯದಲ್ಲಿ ಅಜ್ಜಿ. ಕಪ್ಪು ಮುಖ, ಬೆಳಗುವ ತುಟಿ, ಹೊಗೆಯಂಥ ಸೀರೆ, ಬೆಳ್ಳನೆಯ ಕೂದಲು. ನನಗಿಂತ ಚಿಕ್ಕ ವಯಸ್ಸಿಗೆ ಹೋದವಳು ಅವಳು. ಅವಳ ಕೂದಲು ನರೆತದ್ದು ಈ ನೆಗೆಟಿವ್‌ನಲ್ಲಿ ಮಾತ್ರ. ಬೆಳಕಿನ ದಾರಿಯಲ್ಲಿ ಧೂಳಿನ ಕಣಗಳು ಮೆಲ್ಲಗೆ, ನೀರಿನೊಳಗಿನ ಮರಿಮೀನುಗಳ ಹಾಗೆ ತೇಲಿಬಂದು ಅವಳ ಹೆಗಲ ಮೇಲೆ ಇಳಿಯುತ್ತಿದ್ದವು. ಎಷ್ಟು ಚಂದ ಎಂದು ನೋಡುತ್ತ ಕುಳಿತೆ. ಓಡಿಸಬೇಕಾದ ಶತ್ರುವನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಆಮೇಲೆ ನೆನಪಾಗಿ ಬಾಯಿಂದ 'ಉಫ್' ಎಂದು ಊದಿದೆ. ಅದು ಒಗ್ಗರಣೆ ಅವಲಕ್ಕಿ ತಿಂದು ಬಂದ ಬಾಯಿ. ಹೆಚ್ಚು ವಿವರ ಬೇಡ.

ಫೋಟೊ ಹೊಡೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ ನೋಡಿದರೆ ಅಜ್ಜಿಗೆ ಬಿಳಿ ಗಡ್ಡ ಬಂದಿತ್ತು. ಉತ್ಪ್ರೇಕ್ಷೆಯಲ್ಲ, ಸರೀ ಗಡ್ಡ. ಫಿಲ್ಮಿನ ಮೇಲೆ ಕೂತ ಕಸ ಬೆಳಕನ್ನು ತಡೆಯುತ್ತದೆ. ಅದಕ್ಕೇ ಚಿತ್ರ ತಿರುವಿದಾಗ ಬೆಳ್ಳಗೆ ಕಾಣುತ್ತದೆ. ಕಂಬಳಿಯ ಉಣ್ಣೆ ಎಳೆ ಎಳೆಯಾಗಿ ಉದುರಿ, ಗಲ್ಲದ ಸುತ್ತ ಬೇರುಬಿಟ್ಟಿತ್ತು. ಹಣೆಯ ಮೇಲೆ ನನ್ನ ಎಂಜಲಿನ ನಕ್ಷತ್ರಮಂಡಲ.

ಬುದ್ಧಿ ಇರುವವನು ಕಂಬಳಿ ಬಿಚ್ಚಿ, ಕೋಣೆ ಒರೆಸಿ, ಮತ್ತೆ ಮೊದಲಿನಿಂದ ತೆಗೆಯುತ್ತಿದ್ದ. ನಾನು ಧೂಳು ತೆಗೆಯುವ ಸಾಫ್ಟ್‌ವೇರ್ ಹಾಕಿಕೊಂಡೆ. ಕಡಿಮೆ, ಮಧ್ಯಮ, ಹೆಚ್ಚು ಎಂದು ಕೇಳಿತು. ಹೆಚ್ಚಿಗಿಂತ ಮೇಲೆ ಏನಾದರೂ ಇದ್ದಿದ್ದರೆ ಅದನ್ನೇ ಒತ್ತುತ್ತಿದ್ದೆ. ಗಡ್ಡ ಉದುರಿತು, ನಕ್ಷತ್ರಗಳು ಆರಿದವು, ಅಜ್ಜಿಯ ಮುಖ ಮೊಸರಿನ ಕೆನೆಯ ಹಾಗೆ ನುಣ್ಣಗಾಯಿತು. ಮೂಗಿನ ಪಕ್ಕದಲ್ಲಿ ಮಾತ್ರ ಒಂದು ಹಟಮಾರಿ ಬಿಳಿ ಚುಕ್ಕೆ ಉಳಿದಿತ್ತು. 'ನಿನ್ನನ್ನ ಬಿಡ್ತೀನಾ' ಎಂದು ಮೌಸ್ ಒತ್ತಿದೆ. ಹೋಯಿತು. ಶಿಳ್ಳೆ ಹೊಡೆದೆ. ಜಾಗ ಉಳಿಯಲಿ ಎಂದು ಹಳೆಯ ಫೈಲನ್ನೂ ಅಳಿಸಿಹಾಕಿದೆ.

ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ನೆಗೆಟಿವ್ ಲಕೋಟೆಯನ್ನೂ ಜೇಬಿಗೆ ಹಾಕಿಕೊಂಡು ಹೊಸನಗರಕ್ಕೆ ಹೋದೆ.

"ನೋಡು ದೊಡ್ಡಮ್ಮ, ಭೂತಗನ್ನಡಿ ಇಟ್ಕಂಡು ನೋಡು. ಒಂದೇ ಒಂದು ಚುಕ್ಕೆ ಸಿಕ್ಕಿದ್ರೆ ಕೇಳು!"

ದೊಡ್ಡಮ್ಮ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಅವಳ ಬೆರಳು ಮೆಲ್ಲಗೆ ಮೇಲೆ ಬಂದು ತನ್ನ ಮೂಗನ್ನು ಮುಟ್ಟಿತು.

"ಚಂದ ಇದ್ಲಲ್ಲೋ ಅಮ್ಮ," ಎಂದು ಕಾಫಿ ತರಲು ಒಳಗೆ ಹೋದಳು.

ಕಾಫಿ ತಂದಾಗ ಅವಳ ಮೂಗು ಖಾಲಿಯಿತ್ತು. ಮೂಗುತಿ ಇದ್ದ ಜಾಗದಲ್ಲಿ ಸೂಜಿಮೊನೆಯಷ್ಟು ತೂತು. ಹುಟ್ಟಿದಾಗಿನಿಂದ ನೋಡಿದ ಮುಖ, ಯಾರದ್ದೋ ಮುಖದ ಹಾಗೆ ಕಂಡಿತು.

"ಮೂಗುತಿ ಎಲ್ಲಿ ದೊಡ್ಡಮ್ಮ?"

"ಬಿಚ್ಚಿಟ್ಟೆ. ಯಾರ್ದೋ ಏನೋ," ಎಂದಳು. ಆಮೇಲೆ ಆ ನೆಂಟರ ಮಾತು, ಇಷ್ಟು ವರ್ಷದ ಮುಳ್ಳು, ಎಲ್ಲ ಹೇಳಿದಳು. ಅಳಲಿಲ್ಲ. "ಅಮ್ಮನ ಮೂಗು ಬರೀ ಮೂಗು. ನೋಡು ನೀನೇ. ಹೋಗ್ಲಿ ಬಿಡು, ಮುಖ ಆದ್ರೂ ಕಂಡ್ತಲ, ಅಷ್ಟು ಸಾಕು. ಕಾಫಿ ಆರೋಗ್ತದೆ, ಕುಡಿ."

ಲೋಟ ಕೆಳಗಿಟ್ಟೆ. ಆ ಹಟಮಾರಿ ಚುಕ್ಕೆ ನೆನಪಾಯಿತು. ಆದರೆ ಅದು ಮೂಗುತಿಯೇ ಆಗಿತ್ತೋ, ಕಂಬಳಿಯ ಕಸವೇ ಆಗಿತ್ತೋ ನನಗೆ ಗೊತ್ತಿರಲಿಲ್ಲ. ಇಲ್ಲದ ಆಸೆ ಹುಟ್ಟಿಸಿ ಮತ್ತೆ ಕಸಿಯುವುದು ಹೇಗೆ? ನಿಜ ಹೇಳಬೇಕೆಂದರೆ ಬೈಸಿಕೊಳ್ಳುವ ಧೈರ್ಯವೂ ಇರಲಿಲ್ಲ. "ತೀರ್ಥಹಳ್ಳೀಲಿ ಸ್ವಲ್ಪ ಕೆಲಸ ಇದೆ" ಎಂದು ಎದ್ದು ಸಿಕ್ಕಿದ ಬಸ್ಸು ಹತ್ತಿದೆ.

ಬಸ್ಸಿನ ಗಾಜಿನ ಮೇಲೆ ಧೂಳು ಕೂತು, ಹೊರಗಿನ ಗುಡ್ಡಗಳು ಯಾರೋ ಅರ್ಧ ಅಳಿಸಿ ಬಿಟ್ಟ ಹಾಗಿದ್ದವು. ತೂಕಡಿಕೆ ಬಂತು. ಕನಸಿನಲ್ಲಿ ಬಸ್ಸು ತುಂಬ ಹೆಂಗಸರು, ಬೆಳ್ಳನೆಯ ಕೂದಲು, ಕಪ್ಪು ಮುಖ, ಎಲ್ಲರ ಮೂಗೂ ಖಾಲಿ. ನಾನು ಕಂಡಕ್ಟರ್. ಟಿಕೆಟ್ ಚೀಲದಲ್ಲಿ ಕೈ ಹಾಕಿದರೆ ಬರೀ ಮೂಗುತಿಗಳು. ಯಾರದ್ದು ಯಾರಿಗೆ ಕೊಡುವುದು ಎಂದು ತಿಳಿಯದೆ ಎಲ್ಲರಿಗೂ ಚಿಲ್ಲರೆ ಇಲ್ಲ, ಚಿಲ್ಲರೆ ಇಲ್ಲ ಎನ್ನುತ್ತಿದ್ದೆ. ಪಕ್ಕದವರು ತಟ್ಟಿ ಎಬ್ಬಿಸಿದಾಗ ತೀರ್ಥಹಳ್ಳಿ.

ಸ್ಟುಡಿಯೊದ ಯಜಮಾನರು ಎಂಬತ್ತರ ಅಂಚಿನವರು. ಅರ್ಧ ಖಾಲಿಯಾದ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿ, ನೆಗೆಟಿವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಕಣ್ಣಿಗೆ ಸಣ್ಣ ಮಸೂರ ಇಟ್ಟುಕೊಂಡರು. ಮೆತ್ತನೆಯ ಬ್ರಷ್ಷಿನಿಂದ ಒಮ್ಮೆ ಸವರಿದರು. ರಬ್ಬರಿನ ಉಂಡೆ ಅದುಮಿ ಗಾಳಿ ಹಾಯಿಸಿದರು. ಮತ್ತೆ ನೋಡಿದರು.

"ಇದು ಅವಲಕ್ಕಿನಾ?"

"ಹೌದು ಸಾರ್."

"ಮೂಗಿನ ಹತ್ರದ್ದು ಅಲ್ಲಾಡ್ತಿಲ್ಲ. ಮೇಲೆ ಕೂತಿದ್ದಾದ್ರೆ ಬ್ರಷ್ಷಿಗೆ ಜರುಗ್ಬೇಕಿತ್ತು. ಇದು ಫಿಲ್ಮಿನ ಒಳಗೇ ಇರೋದು ತಮ್ಮಾ. ಮೂಗುತೀನೇ."

ಅವರಿಗೆ ಅಜ್ಜಿಯ ನೆನಪಿದೆಯೇ ಎಂದು ಕೇಳಿದೆ.

"ಇಲ್ಲಪ್ಪ. ಮುಖ ನೆನಪಿರಲ್ಲ ನಂಗೆ, ಲೈಟ್ ನೆನಪಿರ್ತದೆ. ಆಗ ಹೆಂಗಸರ ಫೋಟೊ ಅಂದ್ರೆ ಮೂಗುತಿ ಮಿಂಚ್ಲೇಬೇಕು. ಮಿಂಚದೇ ಇದ್ರೆ ಮನೆಯೋರು ಫೋಟೊ ಒಪ್ತಾನೇ ಇರ್ಲಿಲ್ಲ. ಆ ಒಂದು ಚುಕ್ಕೆಗೋಸ್ಕರ ಲೈಟನ್ನ ಹತ್ತು ಸಲ ಜರುಗಿಸ್ತಿದ್ದೆ ನಾನು. ನೀನು ಒಂದೇ ಸಲಕ್ಕೆ ಒರೆಸಿ ಹಾಕಿದ್ಯಲ್ಲೋ!"

ಆ ರಬ್ಬರಿನ ಉಂಡೆಯನ್ನೂ ಬ್ರಷ್ಷನ್ನೂ ನನ್ನ ಕೈಗಿಟ್ಟರು. "ತಗಂಡೋಗು. ನಂಗಿನ್ನು ಎಂತಕ್ಕೆ? ಬಾಯಿ ಮಾತ್ರ ಹಾಕ್ಬೇಡ."

ಸಾಗರಕ್ಕೆ ಬಂದವನೇ ಕಂಬಳಿ ಬಿಚ್ಚಿ ಮಡಚಿಟ್ಟೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದೆ. ಕೋಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಹಾಕಿ, ಗಾಳಿಯಲ್ಲಿದ್ದ ಧೂಳೆಲ್ಲ ನೆಲಕ್ಕಿಳಿಯಲಿ ಎಂದು ಹೊರಗೆ ಕಾದು ಕುಳಿತೆ. ಅಮ್ಮ ಬಂದು, "ಒಳಗೆ ಯಾರಾದ್ರೂ ಮಲಗಿದಾರನಾ?" ಎಂದು ಪಿಸುಗುಟ್ಟಿದಳು. ಹೌದು ಎನ್ನಬೇಕೆನಿಸಿತು.

ಎಂಜಲಿನ ಕಲೆಗಳನ್ನು ಯಜಮಾನರೇ ಒರೆಸಿಕೊಟ್ಟಿದ್ದರು. ಈ ಸಲ ನೆಗೆಟಿವ್ ಅಲುಗದ ಹಾಗೆ, ಬಾಗದ ಹಾಗೆ ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿದೆ. ಗಾಳಿ ಹಾಯಿಸಿದೆ. ಸುತ್ತ ಚೆಲ್ಲುವ ಬೆಳಕಿಗೆ ಕಪ್ಪು ಕಾಗದ ಮುಚ್ಚಿದೆ. ಪರದೆಯ ಮೇಲೆ ದೊಡ್ಡದು ಮಾಡಿ, ಫಿಲ್ಮಿನ ಕಣಗಳು ಸಣ್ಣ ರವೆಯ ಹಾಗೆ ಬಿಡಿಬಿಡಿಯಾಗಿ ಕಾಣುವವರೆಗೆ ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸಿದೆ. ಕೈ ನಡುಗೀತೆಂದು ಟೈಮರ್ ಇಟ್ಟು, ಉಸಿರು ಹಿಡಿದು ದೂರ ನಿಂತೆ. ಕ್ಲಿಕ್ ಎಂದಿತು. ಧೂಳು ತೆಗೆಯುವ ಸಾಫ್ಟ್‌ವೇರಿನ ಕಡೆ ತಿರುಗಿಯೂ ನೋಡಲಿಲ್ಲ.

ಅಜ್ಜಿ ಬಂದಳು. ಕೆನೆಯಲ್ಲ, ಚರ್ಮ. ಹುಬ್ಬಿನ ಮೇಲೊಂದು ಗಾಯದ ಗುರುತು, ನಗಬಾರದೆಂದು ಬಿಗಿದ ತುಟಿ. ಮೂಗನ್ನು ದೊಡ್ಡದು ಮಾಡುತ್ತ ಹೋದೆ. ಒಂದು ಬಿಳಿ ಚುಕ್ಕೆ ಮೆಲ್ಲಗೆ ಬಿಡಿಸಿಕೊಂಡು ಮೂರಾಯಿತು. ಮೇಲಿನ ಎರಡು ಹರಳು ಮಿಂಚುತ್ತಿದ್ದವು. ಕೆಳಗಿನದು ಮಂಕಾಗಿತ್ತು.

ಮರುದಿನವೇ ಹೊಸನಗರ. ಮುಖದ ಫೋಟೊ, ಜೊತೆಗೆ ಮೂಗಿನದ್ದೇ ಇನ್ನೊಂದು ದೊಡ್ಡ ಪ್ರಿಂಟ್. ಮೊದಲು ಕಿಟಕಿಗೆ ಕಟ್ಟಿದ ಕಂಬಳಿಯಿಂದ ಹಿಡಿದು ಕಳ್ಳತನದವರೆಗೆ ಎಲ್ಲ ಒಪ್ಪಿಕೊಂಡೆ. ದೊಡ್ಡಮ್ಮ ಬೈಯಲಿಲ್ಲ, ಕೇಳಿಸಿಕೊಂಡಂತೆಯೂ ಕಾಣಲಿಲ್ಲ. ಎರಡನೆಯ ಪ್ರಿಂಟನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಒಳಗಿನಿಂದ ಕುಂಕುಮದ ಭರಣಿ ತಂದು, ಅದರೊಳಗಿದ್ದ ಮೂಗುತಿಯನ್ನು ಅಂಗೈ ಮೇಲಿಟ್ಟು ಪ್ರಿಂಟಿನ ಪಕ್ಕ ಹಿಡಿದಳು. ಎರಡು ಮಿಂಚು, ಒಂದು ಮಂಕು. ಇಲ್ಲೂ, ಅಲ್ಲೂ.

ಕನ್ನಡಿಯಿಲ್ಲದೆಯೇ ಮೂಗುತಿ ಹಾಕಿಕೊಂಡಳು. ತಿರುಪು ಬಿಗಿಯುವಷ್ಟು ಹೊತ್ತು ನನಗೆ ಬೆನ್ನು ಮಾಡಿ ನಿಂತಿದ್ದಳು.

ಏನಾದರೂ ಮಾತಾಡಬೇಕೆನಿಸಿ ಕನ್ನಡಕ ಸರಿಮಾಡಿಕೊಂಡು ಮುಖದ ಫೋಟೊ ನೋಡಿದೆ. ಹೆಗಲ ಹತ್ತಿರ, ಸೀರೆಯ ಮೇಲೆ, ಒಂದು ಸಣ್ಣ ಬಿಳಿ ಎಳೆ ಡೊಂಕಾಗಿ ಉಳಿದುಹೋಗಿತ್ತು. ಕಂಬಳಿಯದ್ದು.

"ಅಯ್ಯೋ, ಕಂಬಳಿ ಎಳೆ ಒಂದು ತಪ್ಪಿಸ್ಕಂಡಿದೆ ದೊಡ್ಡಮ್ಮ. ಕೊಡು, ತೆಗೆದು ಬೇರೆ ಪ್ರಿಂಟ್ ತರ್ತೀನಿ."

ಅವಳು ಫೋಟೊವನ್ನು ಎದೆಗೆ ಒತ್ತಿ ಹಿಡಿದು ತಿರುಗಿದಳು.

"ಕೈ ಹಚ್ಚಿದ್ರೆ ನೋಡು ಮತ್ತೆ! ನಾನು ಕೊಟ್ಟ ಕಂಬಳಿ ಅಲ್ದನಾ ಅದು? ಚಳಿಗಾಲ ಮಾರಾಯ. ಅಮ್ಮಂಗೂ ಒಂದೆಳೆ ಇರ್ಲಿ, ಹೊದ್ಕಳ್ಲಿ."